ಇಂಗ್ಲಿಷಿನ ಪಡೆನುಡಿಗಳೂ ನಮ್ಮ ಮನೆಯ ಮಾತೂ



ಈ ಸ್ಮರಣ ಸಂಚಿಕೆಗಾಗಿ ಒಂದು ಪಾಠವನ್ನು ಬರೆದುಕೊಡಬೇಕೆಂದು ಕೇಳಿದಾಗ, ಯಾವ ಪಾಠವನ್ನು ಆರಿಸಿಕೊಳ್ಳಬೇಕೆಂದು ನಾವು ಬಹಳ ಯೋಚಿಸಬೇಕಾಗಲಿಲ್ಲ. ಇಂಗ್ಲಿಷು ಕಲಿಸುವವರಿಗೆ ತರಗತಿಯಲ್ಲಿ ಹೆಚ್ಚಿನ ನಗೆಯನ್ನೂ ಹೆಚ್ಚಿನ ಕಷ್ಟವನ್ನೂ ತರುವ ವಿಷಯ ಒಂದುಂಟು. ಅದು ಯಾವದೆಂದರೆ, ಆ ಭಾಷೆಯ ಪಡೆನುಡಿಗಳು. ವ್ಯಾಕರಣಕ್ಕೆ ಸೂತ್ರಗಳಿವೆ, ಕಾಗುಣಿತಕ್ಕೆ ನಿಘಂಟು ಇದೆ, ಆದರೆ ಒಂದೊಂದು ಪದದ ಅರ್ಥವು ಗೊತ್ತಿದ್ದರೂ ಇಡೀ ಮಾತಿನ ಅರ್ಥವು ಗೊತ್ತಾಗದೆ ಹೋದಾಗ ಏನು ಮಾಡತಕ್ಕದ್ದು? ನಗೆ ಬಂದರೆ ನಕ್ಕು ಸುಮ್ಮನಾಗಬಹುದು. ಕೆಲವೊಮ್ಮೆ ನಗೆಯ ಬದಲಾಗಿ ಕಣ್ಣೀರು ಬರುವದೂ ಉಂಟು. ಅಂಥಾ ಒಂದು ಸಂಗತಿಯಿಂದಲೇ ಪಾಠವನ್ನು ಆರಂಭಿಸುತ್ತೇವೆ.

ನಮ್ಮಲ್ಲಿ ಕಲಿತು ದಾದಿಯ ಕೆಲಸಕ್ಕೆ ಹೋದ ಒಬ್ಬಾಕೆಯು, ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಆಸ್ಪತ್ರೆಯಲ್ಲಿ ರಾತ್ರಿಯ ಪಾಳಿಯಲ್ಲಿದ್ದಳು. ಕಾಳಗಿಯ ಕಡೆಯ ಒಬ್ಬ ಮುದುಕಿಯ ಮಗನು ಮೂರು ದಿನಗಳಿಂದ ಜ್ವರದಲ್ಲಿ ಬಿದ್ದಿದ್ದನು. ಬೆಳಗಿನ ಜಾವದಲ್ಲಿ ವೈದ್ಯರು ಬಂದು ನೋಡಿ, ಅವನು ‘ಔಟ್ ಆಫ್ ದಿ ವುಡ್ಸ್’ ಎಂದು ಹೇಳಿ ಹೊರಟುಹೋದರು. ಮುದುಕಿಯು ಎದ್ದು ಬಂದು, “ಯವ್ವಾ, ಡಾಕ್ಟರ್ ಏನಂದ್ರು? ನನ್ನ ಮಗ ಹ್ಯಾಂಗ ಇದ್ದಾನ?” ಎಂದು ಕೇಳಿದಳು. ನಿದ್ದೆಗೆಟ್ಟು ದಣಿದಿದ್ದ ನಮ್ಮ ಹುಡುಗಿಯು ಕೇಳಿದ ಮಾತನ್ನು ಕೇಳಿದ ಹಾಗೆಯೇ ಕನ್ನಡಕ್ಕೆ ತಿರುಗಿಸಿ, “ಅಡವಿಗೆ ಹೋಗಿದ್ದ ಆಯೀ, ಈಗ...” ಎಂದು ಬಾಯಿತೆರೆದಳೋ ಇಲ್ಲವೋ, ಮುದುಕಿಯು ಎದೆ ಬಡಿದುಕೊಂಡು ನೆಲಕ್ಕೆ ಕುಸಿದಳು. ಯಾಕಂದರೆ ನಮ್ಮ ಜನರ ಬಾಯಲ್ಲಿ, ಊರು ಹೋಗು ಅನ್ನುವದೂ ಕಾಡು ಬಾ ಅನ್ನುವದೂ ಸಾವಿನ ಸಮೀಪದಲ್ಲಿರುವವರಿಗೆ ಸಲ್ಲುವ ಮಾತಾಗಿದೆ. ಹುಡುಗಿಗೆ ಕೂಡಲೇ ತನ್ನ ತಪ್ಪು ತಿಳಿಯಿತು. ಅವಳು ಮುದುಕಿಯ ಕೈಹಿಡಿದು, “ಇಲ್ಲ ಆಯೀ, ಹೊಳಿ ದಾಟಿ ದಡ ಸೇರ್ಯಾನ. ಇನ್ನ ಅಂಜಬ್ಯಾಡ” ಎಂದಳು. ಮುದುಕಿಯ ಮುಖದಲ್ಲಿ ಜೀವ ಬಂದಿತು.

ವೈದ್ಯರು ಹೇಳಿದ್ದೂ ಇದೇ ಮಾತು. ದಟ್ಟವಾದ ಕಾಡಿನಲ್ಲಿ ದಾರಿತಪ್ಪಿದವನು ಬಯಲಿಗೆ ಬಂದರೆ ಗಂಡಾಂತರವು ಕಳೆಯಿತೆಂದು ಇಂಗ್ಲಿಷರು ಹೇಳುತ್ತಾರೆ. ತುಂಬಿದ ಹೊಳೆಗೆ ಇಳಿದವನು ದಡ ಸೇರಿದರೆ ಗಂಡಾಂತರವು ಕಳೆಯಿತೆಂದು ನಾವು ಹೇಳುತ್ತೇವೆ. ಭಯವು ಒಂದೇ, ಬಿಡುಗಡೆಯೂ ಒಂದೇ. ಚಿತ್ರ ಮಾತ್ರ ಬೇರೆ. ಆ ಹುಡುಗಿಗೆ ಮೊದಲನೆಯ ಸಲ ಕೈಕೊಟ್ಟದ್ದು ಅವಳು ಶಾಲೆಯಲ್ಲಿ ಕಲಿತ ಪದಗಳು. ಎರಡನೆಯ ಸಲ ಕೈಹಿಡಿದದ್ದು ಅವಳು ಮನೆಯಲ್ಲಿ ಅವ್ವನಿಂದ ಕೇಳಿದ ಮಾತು. ಈ ಪಾಠದ ತಾತ್ಪರ್ಯವೆಲ್ಲಾ ಇಷ್ಟರಲ್ಲಿಯೇ ಅಡಗಿದೆ; ಮುಂದೆ ಹೇಳುವದು ಅದರ ವಿವರಣೆ.

೧. ಪಡೆನುಡಿ ಎಂದರೇನು?

ಎರಡು ಮೂರು ಪದಗಳು ಕೂಡಿ, ತಮ್ಮ ಬಿಡಿ ಅರ್ಥಗಳನ್ನು ಬಿಟ್ಟು, ರೂಢಿಯಿಂದ ಬೇರೊಂದು ಅರ್ಥವನ್ನು ಕೊಡತೊಡಗಿದರೆ ಅದನ್ನು ಪಡೆನುಡಿ ಅಥವಾ ನುಡಿಗಟ್ಟು ಎನ್ನುತ್ತೇವೆ. ನಮ್ಮ ಸೀಮೆಯಲ್ಲಿ ಬಹುಜನರಿಗೆ ತಿಳಿದಿರುವ ಉರ್ದುವಿನಲ್ಲಿ ಇದಕ್ಕೆ ಮುಹಾವರಾ ಎಂದು ಹೆಸರು. ಇಂಗ್ಲಿಷಿನಲ್ಲಿ ಇಡಿಯಮ್ ಎನ್ನುವರು. ಈ ಹೆಸರು ಗ್ರೀಕ್ ಭಾಷೆಯ ‘ಇಡಿಯೋಸ್’ ಎಂಬ ಶಬ್ದದಿಂದ ಬಂದಿದೆ. ಅದರ ಅರ್ಥ ‘ಸ್ವಂತದ್ದು’. ಒಂದು ಜನಾಂಗವು ಇನ್ನೊಬ್ಬರಿಂದ ಎರವಲು ತಾರದೆ ತನ್ನ ಹೊಲದಲ್ಲಿಯೂ ಅಡಿಗೆಮನೆಯಲ್ಲಿಯೂ ಹುಟ್ಟಿಸಿಕೊಂಡ ಮಾತು ಎಂಬ ಭಾವವು ಆ ಹೆಸರಿನಲ್ಲಿಯೇ ಇದೆ.

‘ಹೊಟ್ಟೆಗೆ ಹಾಕಿಕೊ’ ಎಂದು ನಾವು ಹೇಳಿದಾಗ, ಕೇಳಿದವನು ಏನನ್ನೂ ನುಂಗುವದಿಲ್ಲ, ತಪ್ಪನ್ನು ಕ್ಷಮಿಸುತ್ತಾನೆ. ಇಂಗ್ಲಿಷಿನವನು ‘ಐ ಕೆನಾಟ್ ಸ್ಟಮಕ್ ಇಟ್’ ಎಂದರೆ ಅವನಿಗೆ ಅಜೀರ್ಣವಾಗಿದೆ ಎಂದಲ್ಲ. ಆ ಸಂಗತಿಯನ್ನು ಅವನಿಂದ ಸಹಿಸಲಾಗುವದಿಲ್ಲ. ಎರಡು ಭಾಷೆಗಳೂ ಸಹನೆಯನ್ನು ಹೊಟ್ಟೆಯಲ್ಲಿಯೇ ಇಟ್ಟಿವೆ. ಆದರೆ ಎಲ್ಲಾ ಅವಯವಗಳ ವಿಷಯದಲ್ಲಿ ಇಂಥಾ ಒಮ್ಮತವಿಲ್ಲ. ಪಾಠವನ್ನು ನೆನಪಿನಲ್ಲಿಟ್ಟುಕೊಳ್ಳುವದಕ್ಕೆ ಇಂಗ್ಲಿಷರು ‘ಲರ್ನ್ ಬೈ ಹಾರ್ಟ್’ ಎಂದು ಹೃದಯವನ್ನು ಹೇಳುತ್ತಾರೆ. ನಾವು ಬಾಯಿಪಾಠ ಎಂದು ಬಾಯನ್ನೂ, ಕಂಠಪಾಠ ಎಂದು ಗಂಟಲನ್ನೂ ಹೇಳುತ್ತೇವೆ. ಹೃದಯದಿಂದ ಕಲಿ ಎಂದು ಅನುವಾದ ಮಾಡಿದರೆ ಪ್ರೀತಿಯಿಂದ ಕಲಿ ಎಂದು ಅರ್ಥವಾಗಿ, ಮಗುವು ಒಂದು ಸಾಲನ್ನೂ ನೆನಪಿಡದೆ ಬರುವದು!

ಇನ್ನು, ನೋಡುವದಕ್ಕೆ ಒಂದೇ ಆಗಿದ್ದು ಅರ್ಥದಲ್ಲಿ ಭಿನ್ನವಾದ ಮಾತುಗಳ ವಿಷಯದಲ್ಲಿ ಬಹಳ ಎಚ್ಚರಿಕೆ ಬೇಕು. ‘ಪುಲ್ ಒನ್ಸ್ ಲೆಗ್’ ಎಂದರೆ ಇಂಗ್ಲಿಷಿನಲ್ಲಿ ವಿನೋದಕ್ಕಾಗಿ ಸುಳ್ಳು ಹೇಳಿ ಛೇಡಿಸುವದು, ಅದರಲ್ಲಿ ದ್ವೇಷವಿಲ್ಲ. ನಮ್ಮಲ್ಲಿ ‘ಕಾಲು ಎಳೆಯುವದು’ ಎಂದರೆ ಮೇಲಕ್ಕೆ ಏರುವವರನ್ನು ಕೆಳಕ್ಕೆ ಕೆಡವುವದೆಂಬ ಅರ್ಥವುಂಟು. ಈಚೆಗೆ ಪತ್ರಿಕೆಗಳಲ್ಲಿ ಇಂಗ್ಲಿಷಿನ ಅರ್ಥವೂ ಕನ್ನಡದ ಮಾತಿಗೆ ಅಂಟಿಕೊಂಡಿದೆ. ಆದರೂ ಮನೆಯ ಹಿರಿಯರ ಮುಂದೆ ‘ಅವಳು ನನ್ನ ಕಾಲೆಳೆದಳು’ ಎಂದರೆ, ಗೆಳತಿಯ ವಿನೋದವು ಗೆಳತಿಯ ಮತ್ಸರವೆಂದು ತಿಳಿಯಲ್ಪಡಬಹುದು.

೨. ಬಿಸಿಲು, ಗಾಳಿ, ಕಲ್ಲು

ಒಂದು ದಿನ ತರಗತಿಯಲ್ಲಿ ‘ಮೇಕ್ ಹೇ ವೈಲ್ ದಿ ಸನ್ ಶೈನ್ಸ್’ ಎಂಬ ಮಾತಿನ ಅರ್ಥವನ್ನು ಕೇಳಿದೆವು. ಕಾಳಗಿಯ ಹತ್ತಿರದ ಹಳ್ಳಿಯಿಂದ ಬರುತ್ತಿದ್ದ ಒಬ್ಬ ಹುಡುಗಿಯು ಎದ್ದುನಿಂತು, ಕೈಪುಸ್ತಕದಲ್ಲಿ ಇದ್ದಂತೆಯೇ, “ಬಿಸಿಲಿರುವಾಗಲೇ ಹುಲ್ಲನ್ನು ಒಣಗಿಸಿಕೊಳ್ಳಬೇಕು” ಎಂದು ಒಪ್ಪಿಸಿದಳು. “ಸರಿ ಮಗಳೇ, ಬಿಸಿಲು ಇಲ್ಲದ ದಿನವು ನಿಮ್ಮೂರಿನಲ್ಲಿ ಎಷ್ಟು? ಇದನ್ನೇ ನಿಮ್ಮ ಅವ್ವ ಹೇಗೆ ಹೇಳುತ್ತಾಳೆ?” ಎಂದು ಕೇಳಿದೆವು. ಅವಳು ತಲೆ ತಗ್ಗಿಸಿದಳು. ಪಕ್ಕದವಳು ತಿವಿದ ಮೇಲೆ ಮೆಲ್ಲಗೆ, “ಗಾಳಿ ಬಂದಾಗ ತೂರ್ಕೋ ಅಂತಾಳ್ರಿ. ಆದರ ಅದು ಹಳ್ಳಿ ಮಾತ್ರಿ” ಎಂದಳು.

ಆ ಕಡೆಯ ನಾಲ್ಕು ಪದಗಳು ನಮಗೆ ಇಂದಿಗೂ ಮರೆತಿಲ್ಲ. ಹುಡುಗಿಗೆ ಉತ್ತರವು ಗೊತ್ತಿತ್ತು. ಅದು ಕೈಪುಸ್ತಕದ ಉತ್ತರಕ್ಕಿಂತ ಉತ್ತಮವಾಗಿಯೂ ಇತ್ತು. ಆದರೆ ಅದು ತನ್ನ ತಾಯಿಯ ಮಾತೆಂಬ ಕಾರಣದಿಂದಲೇ ಅವಳಿಗೆ ಅದನ್ನು ಹೇಳಲು ನಾಚಿಕೆಯಾಯಿತು.

ಆಗ ನಾವು ಅವಳಿಗೆ ಹೇಳಿದ್ದೇನೆಂದರೆ: ಇಂಗ್ಲಿಷಿನ ಮಾತೂ ಹಳ್ಳಿಯ ಮಾತೇ. ಇಂಗ್ಲೆಂಡಿನಲ್ಲಿ ಚಳಿಗಾಲದಲ್ಲಿ ದನಗಳಿಗೆ ಹಸಿ ಮೇವು ಸಾಲದು. ಬೇಸಿಗೆಯಲ್ಲಿ ಹುಲ್ಲನ್ನು ಕೊಯ್ದು, ಒಣಗಿಸಿ, ಬಣವೆ ಒಟ್ಟಬೇಕು. ಅಲ್ಲಿ ಮಳೆಯು ಹೇಳದೆ ಕೇಳದೆ ಬರುತ್ತದೆ. ಕೊಯ್ದ ಹುಲ್ಲು ತೊಯ್ದರೆ ಕೊಳೆಯುತ್ತದೆ. ಆದಕಾರಣ ಬಿಸಿಲು ಕಂಡೊಡನೆ ಒಕ್ಕಲಿಗನು ಹೊಲಕ್ಕೆ ಓಡುತ್ತಾನೆ. ಈ ಮಾತನ್ನು ಜಾನ್ ಹೇವುಡ್ ಎಂಬವನು ೧೫೪೬ರಲ್ಲಿ ಅಚ್ಚಾದ ತನ್ನ ಗಾದೆಗಳ ಪುಸ್ತಕದಲ್ಲಿ ಸೇರಿಸಿದನು. ಅವನು ಅದನ್ನು ಸೃಷ್ಟಿಸಲಿಲ್ಲ, ಜನರ ಬಾಯಿಂದ ತೆಗೆದುಕೊಂಡನು. ನಮ್ಮ ಕಡೆ ಬಿಸಿಲಿಗೆ ಬರವಿಲ್ಲ. ಜೋಳವನ್ನೂ ತೊಗರಿಯನ್ನೂ ಬಡಿದು ರಾಶಿ ಮಾಡಿದ ಮೇಲೆ, ಹೊಟ್ಟು ಹಾರಿ ಕಾಳು ಉಳಿಯಬೇಕಾದರೆ ಗಾಳಿ ಬೇಕು; ಅದು ನಾವು ಕರೆದಾಗ ಬರುವದಿಲ್ಲ. ಆದಕಾರಣ ಗಾಳಿ ಬಂದೊಡನೆ ನಮ್ಮ ರೈತನು ಮೊರ ಹಿಡಿದು ಕಣಕ್ಕೆ ಓಡುತ್ತಾನೆ. ಅವರಿಗೆ ದುರ್ಲಭವಾದದ್ದು ಬಿಸಿಲು, ನಮಗೆ ದುರ್ಲಭವಾದದ್ದು ಗಾಳಿ. ಸಮಯವನ್ನು ಕಳೆದುಕೊಳ್ಳಬೇಡವೆಂಬ ಬುದ್ಧಿವಾದವು ಎರಡು ಕಡೆಯೂ ಒಂದೇ.

ಹವೆಯ ಈ ಭೇದವನ್ನು ಮರೆತವರು ಬೇರೊಂದು ತಪ್ಪನ್ನೂ ಮಾಡುತ್ತಾರೆ. ಚಳಿಯ ದೇಶದವರಿಗೆ ಬೆಂಕಿಯ ಕಾವೇ ಸುಖ. ಆದುದರಿಂದ ಅವರು ಪ್ರೀತಿಯ ಸ್ವಾಗತವನ್ನು ‘ವಾರ್ಮ್ ವೆಲ್‌ಕಮ್’ ಎನ್ನುತ್ತಾರೆ, ಉದಾಸೀನತೆಯನ್ನು ತಣ್ಣಗಿನದೆನ್ನುತ್ತಾರೆ. ಬೇಸಿಗೆಯಲ್ಲಿ ನಾಲ್ವತ್ತು ಡಿಗ್ರಿಯನ್ನು ಮೀರುವ ಕಲಬುರಗಿ ಸೀಮೆಯಲ್ಲಿ ತಂಪೇ ಸುಖ. ನಿನ್ನ ಹೊಟ್ಟೆ ತಣ್ಣಗಿರಲಿ ಎಂಬದು ನಮ್ಮ ಹಿರಿಯರ ಆಶೀರ್ವಾದ. ಮಗಳನ್ನು ಕಂಡು ಕಣ್ಣು ತಂಪಾಯಿತು ಎಂಬದು ತಾಯಿಯ ಸಂತೋಷ. ‘ಬಿಸಿ ಮುಟ್ಟಿಸುವದು’ ಎಂದರೆ ನಮ್ಮಲ್ಲಿ ಶಿಕ್ಷೆ. ಹಾಗಿರುವಲ್ಲಿ ವಾರ್ಷಿಕೋತ್ಸವದ ಅತಿಥಿಗಳಿಗೆ ‘ಬಿಸಿಯಾದ ಸ್ವಾಗತ’ವನ್ನು ಕೋರಿದರೆ ಅವರು ಬಾಗಿಲಿನಿಂದಲೇ ಹಿಂದಿರುಗಿಯಾರು!

ಪ್ರತಿ ದೇಶವೂ ತನ್ನ ನೆಲದಲ್ಲಿ ಸಮೃದ್ಧವಾಗಿರುವದನ್ನೇ ಮಾತಿಗೆ ಎತ್ತಿಕೊಳ್ಳುತ್ತದೆ. ನ್ಯೂಕಾಸಲ್ ಎಂಬ ಇಂಗ್ಲಿಷು ಪಟ್ಟಣವು ಕಲ್ಲಿದ್ದಲನ್ನು ಹಡಗುಗಳಲ್ಲಿ ಹೊರಗೆ ಕಳುಹಿಸುತ್ತಿದ್ದ ಊರು. ಆದುದರಿಂದ ವ್ಯರ್ಥವಾದ ಶ್ರಮಕ್ಕೆ ‘ನ್ಯೂಕಾಸಲ್ಲಿಗೆ ಕಲ್ಲಿದ್ದಲು ಹೊರುವದು’ ಎಂದು ಹೆಸರಾಯಿತು. ಇದನ್ನು ನಮ್ಮ ಬಾಲಿಕೆಯರಿಗೆ ವಿವರಿಸಲು ನಾವು ‘ಶಹಾಬಾದಕ್ಕೆ ಫರಸಿ ಹೊತ್ತ ಹಾಗೆ’ ಎನ್ನುತ್ತೇವೆ. ಶಹಾಬಾದದ ಹಾಸುಗಲ್ಲು ಎಷ್ಟು ಊರುಗಳ ಮನೆಗಳಲ್ಲಿ ನೆಲವಾಗಿದೆ ಎಂಬದನ್ನು ಬಲ್ಲವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗುವದಿಲ್ಲ. ಹಾಗೆಯೇ, ಕುದುರೆಯು ಕಳವಾದ ಮೇಲೆ ಲಾಯದ ಬಾಗಿಲು ಹಾಕಿದರು ಎಂದು ಅವರು ಹೇಳಿದರೆ, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ನಾವು ಹೇಳುತ್ತೇವೆ. ಕೋಟೆಗಳನ್ನೂ ದಂಡುಗಳನ್ನೂ ಕಂಡ ನಾಡಿಗೆ ಈ ಮಾತು ತಾನಾಗಿಯೇ ಒದಗಿತು.

ನಮ್ಮ ನೆಲದಲ್ಲಿ ಇಲ್ಲದ್ದೊಂದು ಇಂಗ್ಲಿಷರಲ್ಲಿ ಹೇರಳವಾಗಿದೆ, ಅದು ಕಡಲು. ದ್ವೀಪವಾಸಿಗಳಾದ ಅವರ ಮಾತಿನಲ್ಲಿ ಹಡಗಿನ ಹಗ್ಗ, ಹಾಯಿ, ಧ್ವಜಗಳು ತುಂಬಿಕೊಂಡಿವೆ. ‘ನೋ ದಿ ರೋಪ್ಸ್’ ಎಂದರೆ ಒಂದು ಕೆಲಸದ ಒಳಗುಟ್ಟುಗಳನ್ನು ಬಲ್ಲವನಾಗಿರುವದು. ಹಾಯಿಗೆ ಕಟ್ಟಿದ ಹಲವು ಹಗ್ಗಗಳಲ್ಲಿ ಯಾವದು ಯಾತಕ್ಕೆಂದು ಹೊಸ ನಾವಿಕನು ಮೊದಲು ತಿಳಿಯಬೇಕಾಗಿತ್ತು. ‘ಟೇಕನ್ ಅಬ್ಯಾಕ್’ ಎಂದರೆ ಬೆಚ್ಚಿಬೀಳುವದು. ಗಾಳಿಯು ಒಮ್ಮೆಲೇ ಎದುರಿನಿಂದ ಬೀಸಿ ಹಾಯಿಗಳನ್ನು ಹಿಂದಕ್ಕೆ ಕಂಬಕ್ಕೆ ಒತ್ತಿದರೆ ಹಡಗು ನಿಂತುಬಿಡುತ್ತಿತ್ತು. ಕಡಲನ್ನು ಕಾಣದ ನಾವು ಇವುಗಳಿಗೆ ಕಡಲಿನ ಮಾತನ್ನೇ ಹುಡುಕುತ್ತಾ ಕೂಡಬಾರದು. ‘ಒಳಹೊರಗು ಬಲ್ಲವನು’ ಎಂದೂ ‘ದಂಗುಬಡಿದನು’ ಎಂದೂ ಹೇಳಿದರೆ ಸಾಕು.

ಹೊಸ ವಸ್ತುವು ಬಂದರೆ ಹೊಸ ಪಡೆನುಡಿಯೂ ಬರುತ್ತದೆಂಬದಕ್ಕೆ ವಾಡಿ ಜಂಕ್ಷನ್ನೇ ಸಾಕ್ಷಿ. ೧೮೭೧ರಲ್ಲಿ ಮುಂಬಯಿಯ ಕಡೆಯ ರೈಲು ಮಾರ್ಗವು ರಾಯಚೂರಿನ ವರೆಗೆ ಬಂದಿತು. ೧೮೭೪ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ರೈಲು ಕಾಣದ ಕಾಲದಲ್ಲಿ ನಮ್ಮ ಹಿರಿಯರು ಕೆಟ್ಟುಹೋದವನನ್ನು ‘ದಾರಿ ತಪ್ಪಿದ’ ಎನ್ನುತ್ತಿದ್ದರು. ಇಂದು ‘ಹಳಿ ತಪ್ಪಿದ’ ಎಂದೂ ಹೇಳುತ್ತೇವೆ. ಇಂಗ್ಲಿಷಿನ ‘ಆಫ್ ದಿ ರೇಲ್ಸ್’ ಎಂಬದೂ ಇದೇ. ಇಂಥಾ ಮಾತನ್ನು ಎರವಲೆಂದು ದೂರಮಾಡಬೇಕಾಗಿಲ್ಲ. ಹಳಿಗಳು ನಮ್ಮ ಹೊಲಗಳ ನಡುವೆಯೇ ಹಾದುಹೋಗಿರುವದರಿಂದ ಮಾತೂ ನಮ್ಮದಾಯಿತು.

೩. ಸತ್ಯವೇದದಿಂದ ಬಂದ ಮಾತುಗಳು

ಇಂಗ್ಲಿಷು ಪಡೆನುಡಿಗಳಲ್ಲಿ ಒಂದು ದೊಡ್ಡ ಪಾಲು ಸತ್ಯವೇದದಿಂದ ಬಂದದ್ದು. ವಿಲಿಯಂ ಟಿಂಡೇಲನು ೧೫೨೬ರಲ್ಲಿ ಇಂಗ್ಲಿಷಿನಲ್ಲಿ ಅಚ್ಚುಮಾಡಿಸಿದ ಹೊಸ ಒಡಂಬಡಿಕೆಯೂ, ೧೬೧೧ರಲ್ಲಿ ಜೇಮ್ಸ್ ಅರಸನ ಕಾಲದಲ್ಲಿ ಹೊರಟ ಭಾಷಾಂತರವೂ ಮನೆಮನೆಗಳಲ್ಲಿ ಓದಲ್ಪಟ್ಟು, ಇಬ್ರಿಯ ಮತ್ತು ಗ್ರೀಕ್ ಭಾಷೆಗಳ ಮಾತುಗಳು ಇಂಗ್ಲಿಷು ಒಕ್ಕಲಿಗನ ಬಾಯಿಗೆ ಬಂದವು. ಆದುದರಿಂದ ಇಂಗ್ಲಿಷರ ‘ಸ್ವಂತ’ ಮಾತೆಂದು ನಾವು ತಿಳಿಯುವ ಎಷ್ಟೋ ಮಾತುಗಳು ಅವರಿಗೂ ಭಾಷಾಂತರದಿಂದಲೇ ಬಂದವು.

‘ದಿ ರೈಟಿಂಗ್ ಆನ್ ದಿ ವಾಲ್’ ಎಂದರೆ ಬರಲಿರುವ ನಾಶದ ಸ್ಪಷ್ಟವಾದ ಸೂಚನೆ. ಇದು ದಾನಿಯೇಲನ ಗ್ರಂಥದ ಐದನೆಯ ಅಧ್ಯಾಯದಲ್ಲಿ ಬೇಲ್ಶಚ್ಚರ ರಾಜನ ಔತಣದ ವೇಳೆ ಗೋಡೆಯ ಮೇಲೆ ಬರೆದ ಬೆರಳುಗಳ ಕಥೆಯಿಂದ ಬಂದಿದೆ. ‘ಎ ಡ್ರಾಪ್ ಇನ್ ದಿ ಬಕೆಟ್’ ಎಂಬದಕ್ಕೆ ಯೆಶಾಯನ ಗ್ರಂಥದ ನಾಲ್ವತ್ತನೆಯ ಅಧ್ಯಾಯದಲ್ಲಿ ಮೂಲವುಂಟು. ದೇವರ ಮುಂದೆ ಜನಾಂಗಗಳು ಕೊಡದೊಳಗಿನ ಒಂದು ಹನಿಯಷ್ಟೇ ಎಂದು ಅಲ್ಲಿಯ ಭಾವ. ಬೇಕಾದದ್ದು ಬಹಳ, ದೊರೆತದ್ದು ಅತ್ಯಲ್ಪ ಎಂಬಲ್ಲಿ ಇಂಗ್ಲಿಷರು ಇದನ್ನು ಬಳಸುತ್ತಾರೆ. ಇದೇ ಅರ್ಥಕ್ಕೆ ನಮ್ಮಲ್ಲಿ ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಇದೆ. ಹನಿಗಿಂತ ಮಜ್ಜಿಗೆಯೇ ಹೆಚ್ಚು ರುಚಿಯೆಂದು ನಮ್ಮ ಹುಡುಗಿಯರ ಅಭಿಪ್ರಾಯ.

‘ವಾಷ್ ಒನ್ಸ್ ಹ್ಯಾಂಡ್ಸ್’ ಎಂಬದನ್ನು ಇನ್ನೂ ಎಚ್ಚರಿಕೆಯಿಂದ ಕಲಿಯಬೇಕು. ಮತ್ತಾಯನ ಸುವಾರ್ತೆಯ ಇಪ್ಪತ್ತೇಳನೆಯ ಅಧ್ಯಾಯದಲ್ಲಿ ಪಿಲಾತನು ಜನರೆದುರಿಗೆ ನೀರು ತೆಗೆದುಕೊಂಡು ಕೈತೊಳೆದು, ನೀತಿವಂತನ ರಕ್ತಕ್ಕೆ ತಾನು ಹೊಣೆಯಲ್ಲವೆಂದನು. ಆದಕಾರಣ ಇಂಗ್ಲಿಷಿನಲ್ಲಿ ಕೈತೊಳೆಯುವದೆಂದರೆ ಹೊಣೆಯಿಂದ ಜಾರಿಕೊಳ್ಳುವದು. ಆದರೆ ನಮ್ಮ ಪೇಟೆಯ ಉರ್ದುವಿನಲ್ಲಿ ‘ಜಾನ್ ಸೇ ಹಾಥ್ ಧೋ ಬೈಠಾ’ ಎಂದರೆ ಜೀವವನ್ನೇ ಕಳೆದುಕೊಂಡನು ಎಂದರ್ಥ. ಇನ್ನು ‘ಕೈ ತೊಳೆದುಕೊಂಡು ಬೆನ್ನು ಹತ್ತಿದ’ ಎಂದರೆ ಬಿಡದೆ ಪೀಡಿಸಿದನು ಎಂದರ್ಥ. ಒಂದೇ ತಂಬಿಗೆಯ ನೀರು. ಒಬ್ಬನು ಬಿಡುವದಕ್ಕಾಗಿ ಕೈತೊಳೆದನು, ಒಬ್ಬನು ಕಳೆದುಕೊಂಡು ಕೈತೊಳೆದನು, ಮತ್ತೊಬ್ಬನು ಹಿಡಿಯುವದಕ್ಕಾಗಿಯೇ ಕೈತೊಳೆದನು! ಕಾಳಗಿಯಂಥ ಊರಿನಲ್ಲಿ ಬೆಳೆಯುವ ಮಗುವು ಈ ಮೂರನ್ನೂ ಓಣಿಯಲ್ಲಿಯೇ ಕೇಳಿ ಕಲಿಯಬಲ್ಲದು. ಇದು ದೊಡ್ಡ ಊರುಗಳ ಮಕ್ಕಳಿಗೆ ಸುಲಭವಾಗಿ ದೊರೆಯದ ವಿದ್ಯೆ.

ನಮ್ಮ ಭಾಷೆಗೆ ಸತ್ಯವೇದವನ್ನು ತಂದವರು ಈ ಕಷ್ಟವನ್ನು ಚೆನ್ನಾಗಿ ಅನುಭವಿಸಿದರು. ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಎಂಬವರ ಪ್ರಯಾಸದಿಂದ ೧೮೩೧ರಲ್ಲಿ ಇಡೀ ಸತ್ಯವೇದವು ಕನ್ನಡದಲ್ಲಿ ದೊರೆಯಿತು. ೧೮೯೪ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಫರ್ಡಿನಾಂಡ್ ಕಿಟ್ಟೆಲ್‌ರ ಕನ್ನಡ ಇಂಗ್ಲಿಷು ನಿಘಂಟು ಅಚ್ಚಾಯಿತು. ಕಿಟ್ಟೆಲ್‌ರು ಪದಗಳ ಅರ್ಥವನ್ನು ತಿಳಿಸಲು ಕವಿಗಳ ಗ್ರಂಥಗಳನ್ನು ಮಾತ್ರವೇ ನಂಬದೆ, ಜನರ ಗಾದೆಗಳನ್ನೂ ಆಡುಮಾತನ್ನೂ ಸಂಗ್ರಹಿಸಿ ಸೇರಿಸಿದರು. ಪರದೇಶದವರಾದ ಪಂಡಿತರು ನಮ್ಮ ಒಕ್ಕಲು ಹೆಂಗಸರ ಮಾತನ್ನು ನಿಘಂಟಿಗೆ ಯೋಗ್ಯವೆಂದು ಎಣಿಸಿದರು. ಆ ಹೆಂಗಸರ ಮೊಮ್ಮಕ್ಕಳು ಅದನ್ನು ಹಳ್ಳಿ ಮಾತೆಂದು ನಾಚುವದು ಸರಿಯೇ?

೪. ರೊಟ್ಟಿ ಮತ್ತು ಉಪ್ಪು

ಅಡಿಗೆಮನೆಯ ಮಾತುಗಳನ್ನು ತಾಯಂದಿರು ನಮಗಿಂತ ಚೆನ್ನಾಗಿ ಬಲ್ಲರು. ಎರಡನ್ನು ಮಾತ್ರ ಹೇಳುತ್ತೇವೆ.

‘ಬ್ರೆಡ್‌ವಿನ್ನರ್’ ಎಂದರೆ ರೊಟ್ಟಿಯನ್ನು ಗೆದ್ದವನಲ್ಲ; ದುಡಿದು ಮನೆಯನ್ನು ಸಾಕುವವರು. ಒಬ್ಬರ ಜೀವನೋಪಾಯವನ್ನು ಕಸಿದುಕೊಳ್ಳುವದಕ್ಕೆ ಅವರು ಬಾಯೊಳಗಿನ ರೊಟ್ಟಿಯನ್ನು ತೆಗೆಯುವದು ಎನ್ನುತ್ತಾರೆ; ನಾವು ಅನ್ನಕ್ಕೆ ಕಲ್ಲು ಹಾಕುವದು, ಹೊಟ್ಟೆಯ ಮೇಲೆ ಹೊಡೆಯುವದು ಎನ್ನುತ್ತೇವೆ. ಅದೃಷ್ಟದ ವಿಷಯದಲ್ಲಿ ಮಾತ್ರ ನಾವೇ ಹೆಚ್ಚು ಆಶಾವಾದಿಗಳು. ಇಂಗ್ಲಿಷರ ಬ್ರೆಡ್ಡು ಕೈಜಾರಿದರೆ ಬೆಣ್ಣೆ ಹಚ್ಚಿದ ಮಗ್ಗುಲೇ ನೆಲಕ್ಕೆ ತಾಗುವದೆಂದು ಅವರ ದೂರು. ನಮ್ಮ ರೊಟ್ಟಿಯು ಜಾರಿದರೆ ತುಪ್ಪಕ್ಕೆ ಬೀಳುತ್ತದೆ!

ಉಪ್ಪಿನ ವಿಷಯವು ಇನ್ನೂ ವಿಚಿತ್ರವಾಗಿದೆ. ಕರ್ತನು ಬೆಟ್ಟದ ಮೇಲೆ ಉಪದೇಶಿಸಿದಾಗ ತನ್ನ ಶಿಷ್ಯರನ್ನು ಭೂಮಿಗೆ ಉಪ್ಪೆಂದು ಕರೆದದ್ದರಿಂದ, ಸರಳರೂ ಸತ್ಯವಂತರೂ ಆದವರನ್ನು ಇಂಗ್ಲಿಷಿನಲ್ಲಿ ‘ಸಾಲ್ಟ್ ಆಫ್ ದಿ ಅರ್ತ್’ ಎನ್ನುತ್ತಾರೆ. ಸಂಬಳಕ್ಕೆ ಅವರಲ್ಲಿರುವ ‘ಸ್ಯಾಲರಿ’ ಎಂಬ ಹೆಸರೂ ಉಪ್ಪಿನ ಲ್ಯಾಟಿನ್ ಹೆಸರಿನಿಂದಲೇ ಹುಟ್ಟಿದ್ದು. ನಮ್ಮಲ್ಲಿ ಉಪ್ಪಿನ ಋಣವೆಂಬದುಂಟು. ಉರ್ದುವಿನಲ್ಲಿ ನಮಕ್‌ಹಲಾಲ್, ನಮಕ್‌ಹರಾಮ್ ಎಂಬವುಗಳುಂಟು. ಇಷ್ಟರ ವರೆಗೆ ಎಲ್ಲರೂ ಒಂದೇ. ಆದರೆ ‘ಟೇಕ್ ಇಟ್ ವಿತ್ ಎ ಪಿಂಚ್ ಆಫ್ ಸಾಲ್ಟ್’ ಎಂದರೆ, ಕೇಳಿದ ಮಾತನ್ನು ಪೂರ್ತಿ ನಂಬದೆ ಸಂಶಯದಿಂದ ಕೇಳು ಎಂದರ್ಥ. ನಮ್ಮಲ್ಲಿ ‘ಉಪ್ಪು ಖಾರ ಹಚ್ಚಿ ಹೇಳಿದಳು’ ಎಂದರೆ, ಇದ್ದದ್ದಕ್ಕಿಂತ ಹೆಚ್ಚಾಗಿ ಬಣ್ಣಿಸಿದಳು ಎಂದರ್ಥ. ನಮ್ಮ ಉಪ್ಪನ್ನು ಹೇಳುವವಳು ಹಾಕುತ್ತಾಳೆ. ಅವರ ಉಪ್ಪನ್ನು ಕೇಳುವವಳು ಹಾಕಿಕೊಳ್ಳಬೇಕು. ಈ ಭೇದವನ್ನು ತಿಳಿದವಳು ಪರೀಕ್ಷೆಯಲ್ಲಿ ತಪ್ಪುವದಿಲ್ಲ.

೫. ಸಮಯಕ್ಕೆ ತಕ್ಕ ಮಾತು

ಅರ್ಥವನ್ನು ತಿಳಿದರೆ ಮಾತ್ರ ಸಾಲದು. ಯಾರ ಮುಂದೆ, ಯಾವ ಸಮಯದಲ್ಲಿ ಆಡತಕ್ಕದ್ದೆಂಬದನ್ನೂ ತಿಳಿಯಬೇಕು. ‘ಕಿಕ್ ದಿ ಬಕೆಟ್’ ಎಂದರೆ ಸಾಯುವದೆಂದು ಕೈಪುಸ್ತಕದಲ್ಲಿ ಬರೆದಿರುತ್ತದೆ. ಅದನ್ನು ನಂಬಿ ಒಬ್ಬ ಹುಡುಗಿಯು ತಂದೆಯನ್ನು ಕಳೆದುಕೊಂಡ ಗೆಳತಿಗೆ ಬರೆಯುವ ಸಂತಾಪದ ಪತ್ರದಲ್ಲಿ ಈ ಮಾತನ್ನು ಉಪಯೋಗಿಸಿದರೆ ಆ ಗೆಳೆತನವು ಅಲ್ಲಿಗೇ ಮುಗಿಯಿತು. ಯಾಕಂದರೆ ಅದು ಹಾಸ್ಯದ ಮಾತು, ನಮ್ಮ ‘ಗೊಟಕ್ ಅಂದ’ ಎಂಬದರ ಜಾತಿಗೆ ಸೇರಿದ್ದು. ಅಲ್ಲಿ ‘ಪಾಸ್ಡ್ ಅವೇ’ ಎಂದು ಬರೆಯಬೇ‌ಕು.

ಸಾವಿನ ಮುಂದೆ ಮಾತನ್ನು ಮೃದುಮಾಡುವದನ್ನು ನಮ್ಮ ಊರುಗಳಿಗೆ ಯಾರೂ ಕಲಿಸಬೇಕಾಗಿಲ್ಲ. ಒಂದೇ ಓಣಿಯಲ್ಲಿ ಒಂದು ಮನೆಯವರು ಲಿಂಗೈಕ್ಯರಾದರು ಎನ್ನುತ್ತಾರೆ. ಇನ್ನೊಂದು ಮನೆಯವರು ಇಂತಕಾಲ ಆದರು ಎನ್ನುತ್ತಾರೆ, ಅಂದರೆ ಒಂದು ಸ್ಥಳದಿಂದ ಇನ್ನೊಂದು ಸ್ಥಳಕ್ಕೆ ಹೋದರು. ನಮ್ಮ ಸಭೆಯವರು ಕರ್ತನಲ್ಲಿ ನಿದ್ರೆಹೋದರು ಎನ್ನುತ್ತಾರೆ. ಈ ಮೂರು ಮಾತುಗಳಲ್ಲಿ ಒಂದೂ ‘ಸತ್ತರು’ ಎನ್ನುವದಿಲ್ಲ. ಒಂದೊಂದೂ ಆ ಮನೆಯವರ ನಿರೀಕ್ಷೆಯನ್ನು ಹೇಳುತ್ತದೆ. ನೆರೆಮನೆಯ ದುಃಖಕ್ಕೆ ಹೋದಾಗ ಆ ಮನೆಯ ಮಾತನ್ನೇ ಆಡುವ ನಮ್ಮ ತಾಯಂದಿರು ಭಾಷಾಂತರದ ಕಡೆಯ ಪಾಠವನ್ನು ಶಾಲೆಗೆ ಹೋಗದೆಯೇ ಕಲಿತಿದ್ದಾರೆ.

ಆದುದರಿಂದ ಇಂಗ್ಲಿಷು ಪಡೆನುಡಿಯು ಎದುರಾದಾಗ ನಮ್ಮ ಬಾಲಿಕೆಯರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಮೊದಲನೆಯದು, ಇದೇ ಚಿತ್ರವು ಇದೇ ಅರ್ಥದಲ್ಲಿ ನಮ್ಮಲ್ಲಿದೆಯೋ? ಕಣ್ಣಿಗೆ ಮಣ್ಣೆರಚುವದು, ಮೂಗು ತೂರಿಸುವದು ಮುಂತಾದವು ಎರಡು ಭಾಷೆಗಳಲ್ಲಿಯೂ ಇವೆ. ಇದ್ದರೆ ಹಾಗೆಯೇ ಬಳಸಬಹುದು. ಎರಡನೆಯದು, ಇದೇ ಅರ್ಥಕ್ಕೆ ನಮ್ಮಲ್ಲಿ ಬೇರೆ ಚಿತ್ರವಿದೆಯೋ? ಇದ್ದರೆ ಅವರ ಹುಲ್ಲನ್ನು ಬಿಟ್ಟು ನಮ್ಮ ಗಾಳಿಯನ್ನು ತೆಗೆದುಕೊಳ್ಳಬೇಕು. ಮೂರನೆಯದು, ಎರಡೂ ಇಲ್ಲದಿದ್ದರೆ ಅರ್ಥವನ್ನು ಸರಳವಾಗಿ ಹೇಳಿದರೆ ಸಾಕು. ಅಡವಿಯನ್ನು ಹೇಳಿ ಯಾರನ್ನೂ ಅಳಿಸಬಾರದು.

೬. ತಾಯಂದಿರಿಗೆ ಒಂದು ಬಿನ್ನಹ

ನಮ್ಮ ಸೀಮೆಯು ೧೯೪೮ರ ವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆಯು ಉರ್ದು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉಚ್ಚ ಶಿಕ್ಷಣವೂ ಉರ್ದುವಿನಲ್ಲಿಯೇ ನಡೆಯುತ್ತಿತ್ತು. ೧೯೫೬ರಲ್ಲಿ ನಾವು ಕನ್ನಡ ನಾಡಿನೊಂದಿಗೆ ಕೂಡಿದೆವು. ಆ ಹಿಂದಿನ ದಿನಗಳಲ್ಲಿ ಕನ್ನಡವು ಉಳಿದದ್ದು ಹೆಚ್ಚಾಗಿ ಹೊಲದಲ್ಲಿ, ಬೀಸುವ ಕಲ್ಲಿನ ಬಳಿಯಲ್ಲಿ, ತೊಟ್ಟಿಲಿನ ಬಳಿಯಲ್ಲಿ. ಅಂದರೆ ಹೆಂಗಸರ ಬಾಯಲ್ಲಿ. ಆ ಬಾಯಿಗಳು ಅಕ್ಷರವನ್ನು ಕಂಡಿರಲಿಲ್ಲ. ಆದರೆ ಕಾಗಿಣಾ ನದಿಯ ದಂಡೆಯಲ್ಲಿ, ಸೇಡಂ ತಾಲೂಕಿನ ಮಳಖೇಡದಲ್ಲಿ ರಾಷ್ಟ್ರಕೂಟರ ರಾಜಧಾನಿಯಿದ್ದಾಗ, ಒಂಬತ್ತನೆಯ ಶತಮಾನದಲ್ಲಿ ರಚಿತವಾದ ಕವಿರಾಜಮಾರ್ಗವು ನಮ್ಮ ಜನರ ಕುರಿತು ಏನೆಂದು ಅಭಿಪ್ರಾಯಪಟ್ಟಿತು? ಓದು ಕಲಿಯದವರೂ ಮಾತಿನಲ್ಲಿಯೂ ಕಾವ್ಯದಲ್ಲಿಯೂ ನಿಪುಣರೆಂದು. ಪ್ರಾಂತ ಪ್ರಾಂತಕ್ಕೆ ಕನ್ನಡವು ಬೇರೆ ಬೇರೆ ಎಂದು. ಮಳಖೇಡಕ್ಕೂ ಕಾಳಗಿಗೂ ದೂರವೆಷ್ಟು? ಆ ಮೆಚ್ಚಿಕೆಯಲ್ಲಿ ನಮ್ಮ ಅಜ್ಜಿಯರಿಗೂ ಪಾಲುಂಟು.

ಆದಕಾರಣ ತಾಯಂದಿರಲ್ಲಿ ನಮ್ಮ ಬಿನ್ನಹವೇನೆಂದರೆ, ಮಗಳು ಇಂಗ್ಲಿಷು ಪಾಠವನ್ನು ಓದುತ್ತಿರುವಾಗ, ನಮಗೇನು ತಿಳಿಯುವದು ಎಂದು ದೂರ ಸರಿಯಬೇಡಿರಿ. ಹತ್ತಿರ ಕೂತು, “ಇದರರ್ಥವೇನು?” ಎಂದು ಕೇಳಿರಿ. ಅವಳು ಹೇಳಿದ ಮೇಲೆ ಅದನ್ನೇ ನೀವು ಹೇಗೆ ಹೇಳುವಿರೋ ಹೇಳಿರಿ. ಬಾಲಿಕೆಯರು ಒಂದು ನೋಟುಪುಸ್ತಕವನ್ನು ಇಟ್ಟುಕೊಂಡು, ಎಡಗಡೆಯ ಪುಟದಲ್ಲಿ ಇಂಗ್ಲಿಷರ ಮಾತನ್ನೂ ಬಲಗಡೆಯಲ್ಲಿ ಅವ್ವನ ಮಾತನ್ನೂ ಬರೆಯಲಿ. ‘ಟರ್ನ್ ಓವರ್ ಎ ನ್ಯೂ ಲೀಫ್’ ಎಂಬದರಲ್ಲಿ ಎಲೆಯೆಂದರೆ ಗಿಡದ ಎಲೆಯಲ್ಲ, ಪುಸ್ತಕದ ಹಾಳೆ. ಹಳೆಯದನ್ನು ಬಿಟ್ಟು ಹೊಸದಾಗಿ ನಡೆಯಲಾರಂಭಿಸುವದೆಂದು ಅದರ ಅರ್ಥ. ತಾಳೆಗರಿಯನ್ನು ಓಲೆಯೆಂದು ಕರೆದು ಅದರ ಮೇಲೆ ಗ್ರಂಥಗಳನ್ನು ಬರೆದ ನಮಗೆ ಇದು ಅಪರಿಚಿತವಲ್ಲ. ಆ ನೋಟುಪುಸ್ತಕದ ಮೊದಲನೆಯ ಹಾಳೆಯೇ ಹೊಸ ಎಲೆಯಾಗಲಿ.

ಗಾಳಿ ಬಂದಾಗ ತೂರಿಕೊಳ್ಳುವ ಮಾತನ್ನು ಹೇಳಿ ನಾಚಿಕೊಂಡಿದ್ದ ಹುಡುಗಿಯು ವರ್ಷದ ಕಡೆಗೆ ಅಂಥಾ ಒಂದು ಪುಸ್ತಕವನ್ನು ನಮ್ಮ ಮೇಜಿನ ಮೇಲೆ ಇಟ್ಟಳು. ಬಲಗಡೆಯ ಪುಟಗಳಲ್ಲಿ ಕೆಲವು ಮಾತುಗಳು ನಮಗೇ ಹೊಸವಾಗಿದ್ದವು. ಯಾರು ಹೇಳಿಕೊಟ್ಟರೆಂದು ಕೇಳಿದೆವು. “ನಮ್ಮವ್ವಾರಿ” ಎಂದಳು. ಈ ಸಲ ಅವಳು ತಲೆ ತಗ್ಗಿಸಲಿಲ್ಲ.

ಕಡೆಯದಾಗಿ ಒಂದು ಮಾತನ್ನು ಹೇಳಿ ಪಾಠವನ್ನು ಮುಗಿಸುತ್ತೇವೆ. ‘ದಿ ಆ್ಯಪಲ್ ಆಫ್ ದಿ ಐ’ ಎಂದರೆ ಅತ್ಯಂತ ಪ್ರೀತಿಪಾತ್ರರು. ಇಲ್ಲಿ ಸೇಬುಹಣ್ಣಿನ ಪ್ರಸ್ತಾಪವಿಲ್ಲ. ಕಣ್ಣಿನ ನಡುವಿನ ಕಪ್ಪು ವೃತ್ತವನ್ನು ಹಿಂದಿನ ಇಂಗ್ಲಿಷರು ಗುಂಡಗಿನ ಹಣ್ಣೆಂದು ಭಾವಿಸಿದ್ದರು. ಸತ್ಯವೇದದ ಇಬ್ರಿಯ ಮೂಲದಲ್ಲಿ ಆ ಸ್ಥಳದಲ್ಲಿರುವ ಪದವನ್ನು ‘ಕಣ್ಣಿನೊಳಗಿನ ಚಿಕ್ಕ ಮನುಷ್ಯ’ ಎಂದು ಬಿಡಿಸುತ್ತಾರೆ. ಯಾಕಂದರೆ ಒಬ್ಬರ ಕಣ್ಣನ್ನು ಹತ್ತಿರದಿಂದ ನೋಡಿದರೆ ನಮ್ಮದೇ ಚಿಕ್ಕ ಪ್ರತಿಬಿಂಬವು ಅಲ್ಲಿ ಕಾಣುತ್ತದೆ. ಕನ್ನಡದಲ್ಲಿ ನಾವು ಅದನ್ನು ಕಣ್ಣಿನ ಗೊಂಬೆ ಎನ್ನುತ್ತೇವೆ. ಲ್ಯಾಟಿನಿನಲ್ಲಿಯೂ ಅದು ‘ಪ್ಯೂಪಿಲ್ಲಾ’, ಅಂದರೆ ಪುಟ್ಟ ಹುಡುಗಿ, ಗೊಂಬೆ. ಅದರಿಂದಲೇ ಇಂಗ್ಲಿಷಿನ ‘ಪ್ಯೂಪಿಲ್’ ಎಂಬ ಪದವು ಬಂದಿತು. ಆ ಪದಕ್ಕೆ ಕಣ್ಣಿನ ಗೊಂಬೆ ಎಂದು ಒಂದು ಅರ್ಥ, ಶಾಲೆಯ ಮಗು ಎಂದು ಇನ್ನೊಂದು ಅರ್ಥ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನೀವು ಈಗ ಎಲ್ಲಿಯೇ ಇರಿ, ಯಾವ ಭಾಷೆಯಲ್ಲಿಯೇ ಕೆಲಸ ಮಾಡಿರಿ, ಈ ಎರಡು ಅರ್ಥಗಳನ್ನೂ ನೆನಪಿನಲ್ಲಿಡಿರಿ. ತಾಯಿಯ ಕಣ್ಣಿನೊಳಗೆ ಕಾಣುವ ಆ ಚಿಕ್ಕ ಹುಡುಗಿಯೂ, ಶಾಲೆಯ ಪುಸ್ತಕವನ್ನು ಹಿಡಿದ ಹುಡುಗಿಯೂ ಒಬ್ಬಳೇ. ಅವಳು ಎರಡು ಮಾತುಗಳನ್ನೂ ಬಲ್ಲವಳಾಗಿ, ಎರಡರಲ್ಲಿ ಒಂದಕ್ಕೂ ನಾಚದವಳಾಗಿರಲಿ ಎಂದು ಹಾರೈಸುತ್ತೇವೆ.